ಆಕ್ಸಾಲಿಪ್ಲಾಟಿನ್ ಡ್ರಿಪ್ ಆದ ಮೇಲೆ ತಣ್ಣೀರು ಮುಟ್ಟಿದರೆ ಕರೆಂಟು ಹೊಡೆದಂತಾಗುತ್ತಿದೆ, ನಿಲ್ಲಿಸಬಹುದೇ?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ. ರಿಪೋರ್ಟಿನಲ್ಲಿ ಮೂರನೇ ಹಂತ, ಟಿ3 ಎನ್1 ಎಂದಿದೆ. ಎರಡು ಲಿಂಫ್ ಗ್ರಂಥಿಗಳಲ್ಲಿ ಕ್ಯಾನ್ಸರ್ ಕಂಡಿದೆಯಂತೆ. ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಜೊತೆಗೆ ಕ್ಯಾಪೆಸಿಟಬಿನ್ ಮಾತ್ರೆ, ಒಟ್ಟು ನಾಲ್ಕು ಸಲ ಎಂದಿದ್ದಾರೆ. ಮೊದಲ ಡ್ರಿಪ್ ಆದ ರಾತ್ರಿ ತಣ್ಣೀರು ಕುಡಿದಾಗ ಗಂಟಲು ಬಿಗಿದು ಉಸಿರೇ ನಿಂತಂತಾಯಿತು. ನಲ್ಲಿ ನೀರು ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತಾಗುತ್ತದೆ. ಎರಡನೇ ಡ್ರಿಪ್ ಬೇಡವೇ ಬೇಡ ಎನ್ನುತ್ತಿದ್ದಾರೆ. ಮಾತ್ರೆ ಒಂದೇ ಸಾಕಾಗುವುದಿಲ್ಲವೇ? ಇದೇ ಕಾಯಿಲೆಗೆ ಪರಿಚಿತರೊಬ್ಬರಿಗೆ 12 ಸಲ ಡ್ರಿಪ್ ಕೊಟ್ಟಿದ್ದರು, ನಮಗೇಕೆ ನಾಲ್ಕೇ ಸಲ?

ಉತ್ತರ: ನೀವು ಬರೆದಿರುವ ಎರಡೂ ತೊಂದರೆ ಆಕ್ಸಾಲಿಪ್ಲಾಟಿನ್ ಪಡೆದ ಬಹುಪಾಲು ಜನರಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಆಗುತ್ತವೆ. ಸಾಮಾನ್ಯವಾಗಿ ಡ್ರಿಪ್ ಆದ ಕೆಲವೇ ಗಂಟೆಗಳಿಂದ ಎರಡು ದಿನದೊಳಗೆ ಶುರುವಾಗಿ, ಹೆಚ್ಚಿನವರಲ್ಲಿ ಒಂದು ವಾರದಲ್ಲಿ, ತಡವಾದರೆ ಎರಡು ವಾರದಲ್ಲಿ ಇಳಿಯುತ್ತವೆ. ಮುಂದಿನ ಡ್ರಿಪ್ಪಿಗೆ ಮತ್ತೆ ಬರುತ್ತವೆ. ಇಷ್ಟಕ್ಕೇ ಔಷಧಿ ನಿಲ್ಲಿಸುವ ಅಗತ್ಯವಿಲ್ಲ. ಆದರೆ ಗಂಟಲು ಬಿಗಿದ ವಿಷಯ ಎರಡನೇ ಡ್ರಿಪ್ ಹಾಕುವ ಮೊದಲೇ ವೈದ್ಯರಿಗೆ ಗೊತ್ತಾಗಲೇಬೇಕು. ಡ್ರಿಪ್ ಕೊಡುವ ವೇಗವನ್ನೇ ಅವರು ಬದಲಿಸಬೇಕಾಗುತ್ತದೆ.

ಮೊದಲು, ಇದನ್ನು ಯಾಕೆ ಕೊಡುತ್ತಿದ್ದಾರೆ ಎಂಬುದು. ಆಪರೇಷನ್ನಿನಲ್ಲಿ ಗಡ್ಡೆ ಪೂರ್ತಿ ಹೋಗಿದ್ದರೂ ಲಿಂಫ್ ಗ್ರಂಥಿಗೆ ಕ್ಯಾನ್ಸರ್ ತಲುಪಿತ್ತು ಎಂದರೆ ಸ್ಕ್ಯಾನಿನಲ್ಲಿ ಕಾಣದ ಕಣಗಳು ದೇಹದಲ್ಲಿ ಬೇರೆಡೆ ಉಳಿದಿರಬಹುದು. ಅವನ್ನು ನಾಶಮಾಡಲು ಮೊದಲು 5-ಎಫ್‌ಯು ಎಂಬ ಔಷಧಿಯೊಂದೇ ಇತ್ತು. ನಿಮ್ಮ ತಂದೆ ನುಂಗುವ ಕ್ಯಾಪೆಸಿಟಬಿನ್ ದೇಹದೊಳಗೆ ಅದೇ 5-ಎಫ್‌ಯು ಆಗುತ್ತದೆ. ಅದರ ಜೊತೆ ಆಕ್ಸಾಲಿಪ್ಲಾಟಿನ್ ಸೇರಿಸಿದರೆ ಲಾಭವಿದೆಯೇ ಎಂದು 2,246 ರೋಗಿಗಳಲ್ಲಿ ನೋಡಿದ ಮೊಸಾಯಿಕ್ ಅಧ್ಯಯನದ ಮೊದಲ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಹತ್ತು ವರ್ಷದ ಲೆಕ್ಕದಲ್ಲಿ, ಮೂರನೇ ಹಂತದವರ ಪೈಕಿ 5-ಎಫ್‌ಯು ಮಾತ್ರ ಪಡೆದವರಲ್ಲಿ 59% ಮಂದಿ, ಆಕ್ಸಾಲಿಪ್ಲಾಟಿನ್ ಸೇರಿಸಿ ಪಡೆದವರಲ್ಲಿ 67.1% ಮಂದಿ ಬದುಕಿದ್ದರು. ಅಂದರೆ ನೂರು ಜನರಲ್ಲಿ ಎಂಟು ಮಂದಿ ಹೆಚ್ಚು. ಮಾತ್ರೆ ಒಂದೇ ಸಾಕಲ್ಲವೇ ಎಂಬ ಪ್ರಶ್ನೆಗೆ ಉತ್ತರ ಇದೇ: ಮಾತ್ರೆಯಿಂದಲೂ ಲಾಭವಿದೆ, ಈ ಎಂಟು ಮಂದಿಯ ಲಾಭ ಮಾತ್ರ ಕೈತಪ್ಪುತ್ತದೆ. 70 ದಾಟಿದವರಲ್ಲಿ ಆಕ್ಸಾಲಿಪ್ಲಾಟಿನ್‌ನಿಂದ ಸಿಗುವ ಹೆಚ್ಚುವರಿ ಲಾಭ ತೀರಾ ಕಡಿಮೆ, ಹಾಗಾಗಿ ಅವರಿಗೆ ಮಾತ್ರೆಯನ್ನಷ್ಟೇ ಕೊಡುವುದುಂಟು. 62ರ ವಯಸ್ಸಿಗೆ ಆ ಮಾತು ಅನ್ವಯಿಸುವುದಿಲ್ಲ.

ಗಡ್ಡೆಯ ಎಂಎಸ್‌ಐ ಅಥವಾ ಎಂಎಂಆರ್ ಪರೀಕ್ಷೆಯ ರಿಪೋರ್ಟ್ ಇದೆಯೇ ಎಂದೂ ಕೇಳಿ. ಡಿಎನ್‌ಎ ರಿಪೇರಿ ಮಾಡುವ ಪ್ರೋಟೀನುಗಳು ಗಡ್ಡೆಯಲ್ಲಿ ಇವೆಯೇ ಎಂದು ಅದು ತೋರಿಸುತ್ತದೆ. ಆ ಪ್ರೋಟೀನುಗಳು ಇಲ್ಲದ ಗಡ್ಡೆಗಳ ಮೇಲೆ 5-ಎಫ್‌ಯು ಒಂಟಿಯಾಗಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅಂಥವರು ಆಕ್ಸಾಲಿಪ್ಲಾಟಿನ್ ಬಿಡುವ ಮೊದಲು ಎರಡು ಸಲ ಯೋಚಿಸಬೇಕು. ಆ ರಿಪೋರ್ಟು ವಂಶವಾಹಿ ಕ್ಯಾನ್ಸರಿನ ಸುಳಿವನ್ನೂ ಕೊಡಬಲ್ಲದು, ಆದ್ದರಿಂದ ಮಕ್ಕಳಿಗೂ ಅದು ಮುಖ್ಯ.

ಪ್ಲಾಟಿನಂ ಔಷಧಿಗಳಲ್ಲಿ ಸಿಸ್‌ಪ್ಲಾಟಿನ್, ಕಾರ್ಬೋಪ್ಲಾಟಿನ್ ಹೆಸರು ನೀವು ಕೇಳಿರಬಹುದು. ಕರುಳಿನ ಕ್ಯಾನ್ಸರಿಗೆ ಅವೆರಡೂ ನಡೆಯುವುದಿಲ್ಲ. ಆಕ್ಸಾಲಿಪ್ಲಾಟಿನ್‌ನ ಮೂಲ ಸಂಯುಕ್ತವನ್ನು 1976ರಲ್ಲಿ ಜಪಾನಿನ ನಗೋಯಾ ಸಿಟಿ ವಿಶ್ವವಿದ್ಯಾಲಯದಲ್ಲಿ ಯೋಶಿನೋರಿ ಕಿಡಾನಿ ತಯಾರಿಸಿದರು. ಅದರಲ್ಲಿ ಪ್ಲಾಟಿನಂಗೆ ಡೈಅಮೈನೋಸೈಕ್ಲೋಹೆಕ್ಸೇನ್ ಎಂಬ ದೊಡ್ಡ ಉಂಗುರ ಅಂಟಿಕೊಂಡಿರುತ್ತದೆ. ಡಿಎನ್‌ಎಗೆ ಪ್ಲಾಟಿನಂ ಕಚ್ಚಿಕೊಂಡ ಜಾಗದಲ್ಲಿ ಈ ಉಂಗುರ ಉಬ್ಬಿ ನಿಲ್ಲುವುದರಿಂದ, ಸಿಸ್‌ಪ್ಲಾಟಿನ್‌ಗೆ ಬಗ್ಗದ ಜೀವಕೋಶಗಳೂ ಇದರ ಏಟಿನಿಂದ ಸುಲಭಕ್ಕೆ ಚೇತರಿಸಿಕೊಳ್ಳಲಾರವು. ಒಂಟಿಯಾಗಿ ಇದರ ಬಲ ಸಾಧಾರಣ; 5-ಎಫ್‌ಯು ಜೊತೆ ಸೇರಿದಾಗಲೇ ನಿಜವಾದ ಪರಿಣಾಮ. ಸಿಸ್‌ಪ್ಲಾಟಿನ್‌ನಂತೆ ಕಿಡ್ನಿಗೂ ಕಿವಿಗೂ ಹೆಚ್ಚು ಪೆಟ್ಟು ಕೊಡುವುದಿಲ್ಲ, ಬಾಟಲಿಗಟ್ಟಲೆ ಸಲೈನ್ ಹರಿಸಬೇಕಾಗಿಲ್ಲ. ಇದು ಹಾನಿ ಮಾಡುವುದು ನರಕ್ಕೆ.

ಈಗ ನಾಲ್ಕು ಮತ್ತು ಹನ್ನೆರಡರ ವಿಷಯ. ನಿಮ್ಮ ಪರಿಚಿತರಿಗೆ ಕೊಟ್ಟದ್ದು ಬಹುಶಃ ಫಾಲ್‌ಫಾಕ್ಸ್: ಎರಡು ವಾರಕ್ಕೊಮ್ಮೆ, ಮೈ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ 85 ಮಿ.ಗ್ರಾಂ ಆಕ್ಸಾಲಿಪ್ಲಾಟಿನ್, ಜೊತೆಗೆ 46 ಗಂಟೆ ಪಂಪಿನಲ್ಲಿ ಹರಿಯುವ 5-ಎಫ್‌ಯು, ಒಟ್ಟು ಆರು ತಿಂಗಳು. ನಿಮ್ಮದು ಕೇಪಾಕ್ಸ್: ಮೂರು ವಾರಕ್ಕೊಮ್ಮೆ ಚದರ ಮೀಟರಿಗೆ 130 ಮಿ.ಗ್ರಾಂ, ಮಾತ್ರೆ ಹದಿನಾಲ್ಕು ದಿನ, ಏಳು ದಿನ ಬಿಡುವು. ಹಿಂದೆ ಇದನ್ನೂ ಎಂಟು ಸಲ, ಅಂದರೆ ಆರು ತಿಂಗಳು ಕೊಡುತ್ತಿದ್ದರು. ಮೂರು ತಿಂಗಳು ಸಾಕೇ ಎಂದು ಆರು ಅಧ್ಯಯನಗಳ 12,834 ರೋಗಿಗಳನ್ನು ಒಟ್ಟುಗೂಡಿಸಿ ನೋಡಿದ ಐಡಿಯಾ ವಿಶ್ಲೇಷಣೆ 2018ರಲ್ಲಿ ಬಂತು. ಟಿ1ರಿಂದ ಟಿ3 ಮತ್ತು ಎನ್1 ಇದ್ದವರಲ್ಲಿ (ಟಿ ಎಂದರೆ ಗಡ್ಡೆ ಕರುಳಿನ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಎನ್ ಎಂದರೆ ಎಷ್ಟು ಲಿಂಫ್ ಗ್ರಂಥಿಗಳಿಗೆ ತಲುಪಿದೆ ಎಂಬ ಲೆಕ್ಕ), ಮೂರು ವರ್ಷದ ಹೊತ್ತಿಗೆ ಕಾಯಿಲೆ ಮರುಕಳಿಸದೆ ಬದುಕಿದ್ದವರು ಮೂರು ತಿಂಗಳ ಚಿಕಿತ್ಸೆಯಲ್ಲಿ 83.1%, ಆರು ತಿಂಗಳಿನದರಲ್ಲಿ 83.3%. ಕೇಪಾಕ್ಸ್ ಪಡೆದವರಲ್ಲಂತೂ ಮೂರು ತಿಂಗಳು ಸಾಕೆಂಬುದು ಇನ್ನೂ ಸ್ಪಷ್ಟವಾಗಿತ್ತು. ನರದ ತೊಂದರೆಯಲ್ಲಿ ಮಾತ್ರ ಅಜಗಜಾಂತರ: ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗುವ ಮಟ್ಟದ್ದು ಕೇಪಾಕ್ಸ್‌ನ ಮೂರು ತಿಂಗಳಲ್ಲಿ 14%, ಆರು ತಿಂಗಳಲ್ಲಿ 45% ಮಂದಿಗೆ. ನಿಮ್ಮ ತಂದೆಗೆ ಕಡಿಮೆ ಕೊಟ್ಟು ಕೈತೊಳೆದುಕೊಳ್ಳುತ್ತಿಲ್ಲ. ಅವರ ಹಂತಕ್ಕೆ ಸರಿಯಾದ ಅಳತೆಯೇ ಅದು. ಟಿ4 ಅಥವಾ ನಾಲ್ಕು ಇಲ್ಲವೇ ಅದಕ್ಕಿಂತ ಹೆಚ್ಚು ಗ್ರಂಥಿಗಳು ಎಂದು ರಿಪೋರ್ಟಿನಲ್ಲಿದ್ದರೆ ಮಾತು ಬೇರೆ. ಅಂಥವರಿಗೆ ಆರು ತಿಂಗಳೇ ಎನ್ನುವ ವೈದ್ಯರು ಹೆಚ್ಚು.

ತಣ್ಣೀರಿಗೂ ನರಕ್ಕೂ ಏನು ಸಂಬಂಧ? ಆಕ್ಸಾಲಿಪ್ಲಾಟಿನ್ ದೇಹದಲ್ಲಿ ಒಡೆದಾಗ ಬಿಡುಗಡೆಯಾಗುವ ಆಕ್ಸಲೇಟ್ ನರದ ಸುತ್ತಲಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ ಎಂಬುದು ಬಹುಕಾಲದಿಂದ ಇರುವ ವಿವರಣೆ. ನರದ ಸೋಡಿಯಂ ಬಾಗಿಲುಗಳು ಮುಚ್ಚಬೇಕಾದ ಹೊತ್ತಿಗೆ ಮುಚ್ಚದೆ, ನರ ಸುಮ್ಮಸುಮ್ಮನೆ ಸಂಕೇತ ಹಾರಿಸುತ್ತದೆ. ತಂಪು ತಗುಲಿದರೆ ಅದು ಇನ್ನೂ ಕೆರಳುತ್ತದೆ. ಬೆರಳು, ತುಟಿ, ಗಂಟಲು, ಕೆಲವರಿಗೆ ದವಡೆ. ಮೊದಲ ತುತ್ತು ಅಗಿಯುವಾಗ ದವಡೆ ಹಿಡಿದುಕೊಳ್ಳುವುದೂ ಇದರಿಂದಲೇ. ಕ್ಯಾಲ್ಸಿಯಂ, ಮೆಗ್ನೀಸಿಯಂ ಡ್ರಿಪ್ ಕೊಟ್ಟರೆ ತಡೆಯಬಹುದೆಂದು ವರ್ಷಗಟ್ಟಲೆ ಕೊಟ್ಟರು. ಸರಿಯಾಗಿ ಪರೀಕ್ಷಿಸಿದಾಗ ಉಪಯೋಗವಿಲ್ಲವೆಂದು ಗೊತ್ತಾಗಿ ಕೈಬಿಟ್ಟಿದ್ದಾರೆ. ಯಾರಾದರೂ ಈಗಲೂ ಸೂಚಿಸಿದರೆ ಅದಕ್ಕೆ ದುಡ್ಡು ಸುರಿಯಬೇಡಿ.

ಹಾಗಾಗಿ ಡ್ರಿಪ್ಪಿನ ದಿನದಿಂದ ಕನಿಷ್ಠ ಐದು ದಿನ, ಜುಮ್ಮೆನ್ನುವುದು ನಿಲ್ಲದಿದ್ದರೆ ಇನ್ನೂ ಕೆಲವು ದಿನ, ತಂಪಿನಿಂದ ದೂರ. ಕುಡಿಯುವ ನೀರು ಬೆಚ್ಚಗಿರಲಿ; ಮಡಕೆಯ ನೀರೂ ಬೇಡ. ಮೊಸರು, ಹಣ್ಣು ಫ್ರಿಜ್ಜಿನಿಂದ ತೆಗೆದು ಗಂಟೆಗಟ್ಟಲೆ ಹೊರಗಿಟ್ಟ ಮೇಲೆ ತಿನ್ನಲಿ. ಫ್ರಿಜ್ಜಿಗೆ ಅವರು ಕೈ ಹಾಕುವುದೇ ಬೇಡ, ಹಾಕಲೇಬೇಕಾದರೆ ಉಲ್ಲನ್ ಗ್ಲೌಸ್ ಇರಲಿ. ಬೆಳಗ್ಗೆ ಮುಖ ತೊಳೆಯಲು, ಶೌಚಕ್ಕೆ ಹೋದಾಗಲೂ ಬಿಸಿನೀರು ಬೆರೆಸಿದ ಬಕೆಟ್ ಬೇಕು. ಇದನ್ನು ಮನೆಯವರು ಮರೆಯುವುದೇ ಹೆಚ್ಚು. ರೆಡ್ ಆಕ್ಸೈಡ್ ಅಥವಾ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ನಡೆಯದೆ ಸಾಕ್ಸ್ ಹಾಕಲಿ. ಡ್ರಿಪ್ ಮುಗಿಸಿ ಮನೆಗೆ ಬರುವಾಗ ಬೈಕ್ ಬೇಡ. ಕಾರಿನಲ್ಲಿ ಎಸಿ ಆರಿಸಿ, ಮೂಗು ಬಾಯಿಗೆ ಮಫ್ಲರ್ ಸುತ್ತಿಕೊಳ್ಳಲಿ. ಬಾಯಿಹುಣ್ಣು ಬರದಂತೆ ಐಸ್ ಚೀಪಿ ಎಂಬ ಸಲಹೆ ಬೇರೆ ಕೆಲವು ಕಿಮೋಗಳಿಗೆ ಸರಿ. ಇಲ್ಲಿ ಅದೇ ಸಲಹೆ ಪಾಲಿಸಿದರೆ ಗಂಟಲು ಬಿಗಿಯುತ್ತದೆ.

ಗಂಟಲು ಬಿಗಿತ ಮತ್ತೆ ಆದರೆ ಏನು ಮಾಡಬೇಕು? ಗಾಬರಿಯಲ್ಲಿ ಜನ ಬಾಯಿ ತೆರೆದು ಜೋರಾಗಿ ಉಸಿರೆಳೆಯುತ್ತಾರೆ, ತಂಪು ಗಾಳಿ ಒಳಗೆ ಹೋಗಿ ಇನ್ನಷ್ಟು ಬಿಗಿಯುತ್ತದೆ. ಬೆಚ್ಚಗಿನ ಬಟ್ಟೆಯನ್ನು ಮೂಗು ಬಾಯಿಗೆ ಹಿಡಿದು ಅದರೊಳಗೆ ನಿಧಾನ ಉಸಿರಾಡಿಸಿ, ಬಿಸಿನೀರನ್ನು ಗುಟುಕು ಗುಟುಕಾಗಿ ಕೊಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ನೋಡಿ, ಆದರೆ ಮೊದಲು ಬೆರಳು ಬೆಚ್ಚಗಿರಲಿ, ತಣ್ಣಗಿನ ಬೆರಳಿನಲ್ಲಿ ಅದು ತಪ್ಪು ತೋರಿಸುತ್ತದೆ. ತಂಪಿನಿಂದ ಆದ ಬಿಗಿತದಲ್ಲಿ ಆಮ್ಲಜನಕ ಇಳಿಯುವುದಿಲ್ಲ, ಗೊರಗೊರ ಸದ್ದು ಇರುವುದಿಲ್ಲ, ಕೆಲವೇ ನಿಮಿಷದಲ್ಲಿ ಸಡಿಲವಾಗುತ್ತದೆ.

ಇದನ್ನೇ ಹೋಲುವ, ಆದರೆ ನಿಜಕ್ಕೂ ಅಪಾಯಕಾರಿಯಾದ ಇನ್ನೊಂದಿದೆ: ಅಲರ್ಜಿ. ಅದು ಸಾಮಾನ್ಯವಾಗಿ ಡ್ರಿಪ್ ಓಡುತ್ತಿರುವಾಗಲೇ ಬರುತ್ತದೆ. ಅಂಗೈ ಕೆರೆತ, ಮುಖ ಕೆಂಪೇರುವುದು, ಮೈಮೇಲೆ ಗಂಧೆ, ತುಟಿ ಕಣ್ಣು ಊದುವುದು, ಉಬ್ಬಸ, ಬೆನ್ನು ಅಥವಾ ಎದೆ ಹಿಡಿಯುವುದು, ಬಿಪಿ ಕುಸಿಯುವುದು. ಮೊದಲ ಡ್ರಿಪ್ಪಿನಲ್ಲೂ ಬರಬಹುದು, ಆದರೆ ಆರೇಳು ಸಲ ಏನೂ ಆಗದೆ ಎಂಟನೆಯದರಲ್ಲಿ ಬರುವುದೇ ಹೆಚ್ಚು. ‘ಇಷ್ಟು ದಿನ ಆಗದ್ದು ಈಗೇನಾಗುತ್ತದೆ’ ಎಂಬ ಲೆಕ್ಕ ಈ ಔಷಧಿಗೆ ನಡೆಯುವುದಿಲ್ಲ. ಅಂಗೈ ಕೆರೆದರೂ ಸಾಕು, ಕೂಡಲೇ ನರ್ಸನ್ನು ಕೂಗಿ ಡ್ರಿಪ್ ನಿಲ್ಲಿಸಲು ಹೇಳಬೇಕು.

ತಂಪಿನ ಬಿಗಿತವೇ ಎಂದು ಖಚಿತವಾದರೆ ಮುಂದಿನ ಡ್ರಿಪ್ಪನ್ನು ಎರಡು ಗಂಟೆಗೆ ಬದಲು ಆರು ಗಂಟೆಯಲ್ಲಿ ಕೊಡುತ್ತಾರೆ. ಔಷಧಿಯ ಪ್ರಮಾಣ ಅಷ್ಟೇ ಇರುತ್ತದೆ, ರಕ್ತದಲ್ಲಿ ಅದು ಏರುವ ತುದಿ ಮಾತ್ರ ತಗ್ಗುತ್ತದೆ. ಡೇಕೇರ್ ವಾರ್ಡಿನಲ್ಲಿ ಆರು ಗಂಟೆ ಹಾಸಿಗೆ ಸಿಗುವುದು ಕಷ್ಟ, ಆದ್ದರಿಂದ ಅದೇ ದಿನ ಬೆಳಗ್ಗೆ ಹೇಳಿದರೆ ಆಗುವುದಿಲ್ಲ. ಹಿಂದಿನ ಭೇಟಿಯಲ್ಲೇ, ಇಲ್ಲವೇ ಫೋನಿನಲ್ಲಿ ತಿಳಿಸಿ.

ಡ್ರಿಪ್ ಬಗ್ಗೆ ಇನ್ನೆರಡು ಮಾತು. ನಿಮ್ಮ ತಂದೆ 165 ಸೆಂ.ಮೀ ಎತ್ತರ, 60 ಕೆ.ಜಿ ಇದ್ದಾರೆಂದುಕೊಳ್ಳಿ, ಮೈ ವಿಸ್ತೀರ್ಣ ಸುಮಾರು 1.66 ಚದರ ಮೀಟರ್, ಆಕ್ಸಾಲಿಪ್ಲಾಟಿನ್ ಸುಮಾರು 215 ಮಿ.ಗ್ರಾಂ. ಅದನ್ನು 5% ಡೆಕ್ಸ್‌ಟ್ರೋಸ್ 500 ಮಿ.ಲೀ.ನಲ್ಲಿ ಬೆರೆಸುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಗ್ಲೂಕೋಸ್ ಬಾಟಲಿ ಯಾಕೆ ಎಂದು ಅನೇಕರು ತಕರಾರು ತೆಗೆಯುತ್ತಾರೆ. ನಾರ್ಮಲ್ ಸಲೈನಿನಲ್ಲಿರುವ ಕ್ಲೋರೈಡ್ ಈ ಔಷಧಿಯನ್ನು ಕೆಡಿಸುತ್ತದೆ, ಡೆಕ್ಸ್‌ಟ್ರೋಸ್ ಬಿಟ್ಟು ಬೇರೆ ದಾರಿಯಿಲ್ಲ. ಮುಂಚೆ ಮತ್ತು ಆಮೇಲೆ ಅದೇ ನಳಿಗೆಯನ್ನು ತೊಳೆಯುವುದೂ ಡೆಕ್ಸ್‌ಟ್ರೋಸಿನಿಂದಲೇ. 500 ಮಿ.ಲೀ.ನಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದಕ್ಕಿಂತ ಹೆಚ್ಚು ಶುಗರ್ ಏರಿಸುವುದು ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್. ಡ್ರಿಪ್ಪಿನ ದಿನ ಮತ್ತು ನಂತರದ ಎರಡು ಮೂರು ದಿನ ಮನೆಯಲ್ಲಿ ಶುಗರ್ ನೋಡುತ್ತಿರಿ. ಕೈಯ ರಕ್ತನಾಳದಲ್ಲಿ ಡ್ರಿಪ್ ಹಾಕಿದರೆ ತೋಳು ಸೆಳೆದು ನೋಯುವುದು ಸಾಮಾನ್ಯ, ಬೆಚ್ಚಗಿನ ಪ್ಯಾಕ್ ಇಟ್ಟರೆ ಕಡಿಮೆಯಾಗುತ್ತದೆ. ಸೂಜಿಯ ಜಾಗ ಊದಿ ಉರಿದರೆ ಮಾತ್ರ ಔಷಧಿ ಹೊರಗೆ ಸೋರಿರಬಹುದು, ಆಗ ಡ್ರಿಪ್ ನಿಲ್ಲಿಸಬೇಕು, ಐಸ್ ಇಡಬಾರದು.

ಇಲ್ಲಿಯವರೆಗಿನದು ಬಂದು ಹೋಗುವ ತೊಂದರೆ. ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಸದ್ದಿಲ್ಲದೆ ಕೂಡಿಕೊಳ್ಳುತ್ತ ಹೋಗುವ ಇನ್ನೊಂದು. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಪ್ಲಾಟಿನಂ ಶೇಖರವಾಗಿ, ಸ್ಪರ್ಶದ ನರಕೋಶಗಳನ್ನೇ ಕೊಲ್ಲುತ್ತದೆ. ಇದಕ್ಕೆ ತಂಪು ಬೇಕಿಲ್ಲ. ಎರಡು ಡ್ರಿಪ್‌ಗಳ ನಡುವೆ ಪೂರ್ತಿ ಇಳಿಯದ ಜೋಮೇ ಇದರ ಗುರುತು. ಒಟ್ಟು ಪ್ರಮಾಣ ಚದರ ಮೀಟರಿಗೆ 850 ಮಿ.ಗ್ರಾಂ ತಲುಪಿದಾಗ ಸುಮಾರು 10%, 1,020 ಮಿ.ಗ್ರಾಂ ತಲುಪಿದಾಗ ಸುಮಾರು 20% ಮಂದಿಗೆ ಇದು ಗಂಭೀರವಾಗುತ್ತದೆ. ನಿಮ್ಮ ಪರಿಚಿತರು 12 ಡ್ರಿಪ್ಪಿನಲ್ಲಿ ಪಡೆದದ್ದು 1,020. ನಿಮ್ಮ ತಂದೆ ನಾಲ್ಕರಲ್ಲಿ ಪಡೆಯುವುದು 520. ಇದು ನಿಮಗೆ ನೆಮ್ಮದಿ ಕೊಡಬೇಕಾದ ಅಂಕಿ. ಆದರೆ ಸಕ್ಕರೆ ಕಾಯಿಲೆ ಮೊದಲೇ ನರಕ್ಕೆ ಪೆಟ್ಟು ಕೊಟ್ಟಿದ್ದರೆ ಇಷ್ಟು ಪ್ರಮಾಣವೂ ಹೆಚ್ಚಾಗಬಹುದು. ಕಿಮೋಗೆ ಮೊದಲೇ ಪಾದದಲ್ಲಿ ಉರಿ, ಜೋಮು ಇತ್ತೇ ಎಂದು ನೆನಪಿಸಿಕೊಂಡು ವೈದ್ಯರಿಗೆ ಹೇಳಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಿ ಅದೂ ಜೋಮು ತರುತ್ತದೆ. ಒಮ್ಮೆ ಬಿ12 ಪರೀಕ್ಷೆ ಮಾಡಿಸಿ, ಕಡಿಮೆಯಿದ್ದರೆ ಸರಿಪಡಿಸಿಕೊಳ್ಳಿ.

ರೋಗಿಗಳು ಇದನ್ನು ಮುಚ್ಚಿಡುತ್ತಾರೆ, ಅದೇ ದೊಡ್ಡ ಸಮಸ್ಯೆ. ಹೇಳಿದರೆ ಚಿಕಿತ್ಸೆ ನಿಲ್ಲಿಸಿಬಿಡುತ್ತಾರೆ, ಕ್ಯಾನ್ಸರ್ ಮತ್ತೆ ಬರುತ್ತದೆ ಎಂಬ ಭಯ. ‘ಹೇಗಿದ್ದೀರಿ’ ಎಂದರೆ ‘ಪರವಾಗಿಲ್ಲ ಡಾಕ್ಟ್ರೇ’ ಎನ್ನುತ್ತಾರೆ. ಅದಕ್ಕೇ ಪ್ರತಿ ಡ್ರಿಪ್ಪಿನ ಹಿಂದಿನ ದಿನ ನೀವೇ ಮನೆಯಲ್ಲಿ ನೋಡಿ. ಅಂಗಿಯ ಗುಂಡಿಯನ್ನು ಕಣ್ಣುಮುಚ್ಚಿ ಹಾಕಿಕೊಳ್ಳಲು ಆಗುತ್ತದೆಯೇ? ಮೇಜಿನ ಮೇಲಿನ ಒಂದು ರೂಪಾಯಿ ನಾಣ್ಯವನ್ನು ಬೆರಳ ತುದಿಯಲ್ಲಿ ಎತ್ತುತ್ತಾರೆಯೇ, ಅಥವಾ ಅಂಚಿಗೆ ಸರಿಸಿ ಬೀಳಿಸಿಕೊಳ್ಳುತ್ತಾರೆಯೇ? ನಡೆಯುವಾಗ ಚಪ್ಪಲಿ ಕಳಚಿದ್ದು ಗೊತ್ತಾಗುತ್ತದೆಯೇ? ಕತ್ತಲಲ್ಲಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತಾರೆಯೇ? ಜೋಮು ಎಷ್ಟನೇ ದಿನ ಇಳಿಯಿತು? ಇವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಜೋಮು ಇಳಿಯದೆ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ 130ರ ಬದಲು 100 ಮಿ.ಗ್ರಾಂ.ಗೆ ಇಳಿಸುತ್ತಾರೆ. ಸ್ನಾನ, ಊಟ, ಬಟ್ಟೆ ಹಾಕಿಕೊಳ್ಳುವುದಕ್ಕೂ ಕಷ್ಟವಾದರೆ ಆಕ್ಸಾಲಿಪ್ಲಾಟಿನ್ ನಿಲ್ಲಿಸಿ ಮಾತ್ರೆಯನ್ನು ಮುಂದುವರಿಸುತ್ತಾರೆ. ಒಂದನ್ನು ಬಿಟ್ಟ ಮಾತ್ರಕ್ಕೆ ಚಿಕಿತ್ಸೆಯೇ ನಿಂತಂತಲ್ಲ. ತಂದೆಯವರಿಗೆ ಈ ಮಾತನ್ನು ಬಿಡಿಸಿ ಹೇಳಿ. ಆಗ ಮುಚ್ಚಿಡುವ ಕಾರಣವೂ ಇರುವುದಿಲ್ಲ, ಈಗಲೇ ಬೇಡವೆನ್ನುವ ಕಾರಣವೂ ಇರುವುದಿಲ್ಲ.

ಮಾತ್ರೆಯನ್ನು ಊಟವಾದ ಅರ್ಧ ಗಂಟೆಯೊಳಗೆ, ಬೆಳಗ್ಗೆ ಸಂಜೆ ಸುಮಾರು 12 ಗಂಟೆ ಅಂತರದಲ್ಲಿ ನುಂಗಬೇಕು. ಮರೆತರೆ ಮುಂದಿನ ಸಲ ಎರಡರಷ್ಟು ನುಂಗುವುದು ಬೇಡ. ಶಕ್ತಿ ಬರಲೆಂದು ಫೋಲಿಕ್ ಆಸಿಡ್ ಇರುವ ಟಾನಿಕ್ ಅನ್ನು ತಾವಾಗಿ ಕೊಡಬೇಡಿ, ಅದು ಕ್ಯಾಪೆಸಿಟಬಿನ್‌ನ ವಿಷಪರಿಣಾಮ ಹೆಚ್ಚಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅಥವಾ ಫಿಟ್ಸ್‌ನ ಫೆನಿಟಾಯಿನ್ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಪ್ಯಾರಸಿಟಮಾಲ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಬಿಳಿ ರಕ್ತಕಣ ಕಡಿಮೆಯಿರುವಾಗ ಬರುವ ಸೋಂಕು ರಾತ್ರಿ ಕಳೆಯುವುದರೊಳಗೆ ಕೈಮೀರಬಹುದು. ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚು ಭೇದಿ, ಎದೆನೋವು, ನಿಲ್ಲದ ರಕ್ತಸ್ರಾವ, ಒಣಕೆಮ್ಮಿನ ಜೊತೆ ಏದುಸಿರು, ಇವುಗಳಲ್ಲಿ ಯಾವುದು ಕಂಡರೂ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ. ಎದೆನೋವಿಗೆ ಫೋನೂ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ. ಪ್ರತಿ ಡ್ರಿಪ್ಪಿಗೆ ಮೊದಲು ರಕ್ತಪರೀಕ್ಷೆಯಲ್ಲಿ ನ್ಯೂಟ್ರೋಫಿಲ್ 1,500, ಪ್ಲೇಟ್‌ಲೆಟ್ 75,000 ದಾಟಿರಬೇಕು. ಇಲ್ಲದಿದ್ದರೆ ಒಂದು ವಾರ ಮುಂದೂಡುತ್ತಾರೆ, ಅದಕ್ಕೆ ಹೆದರಬೇಕಾಗಿಲ್ಲ.

ಕೊನೆಯ ಡ್ರಿಪ್ ಆದ ಮೇಲೆ ಜೋಮು ಎರಡು ಮೂರು ತಿಂಗಳು ಇನ್ನೂ ಹೆಚ್ಚಾಗಬಹುದು. ಕಿಮೋ ಮುಗಿದರೂ ಕಡಿಮೆಯಾಗಲಿಲ್ಲವಲ್ಲ ಎಂದು ಆಗ ಬೇರೆ ಬೇರೆ ವೈದ್ಯರ ಬಾಗಿಲು ತಟ್ಟುವವರಿದ್ದಾರೆ. ಇದು ಈ ಔಷಧಿಯ ಸ್ವಭಾವ, ಆಮೇಲೆ ತಿಂಗಳುಗಳ ಲೆಕ್ಕದಲ್ಲಿ ಇಳಿಯುತ್ತದೆ. ಮೊಸಾಯಿಕ್ ಅಧ್ಯಯನದಲ್ಲಿ ಆರು ತಿಂಗಳ ಪೂರ್ತಿ ಚಿಕಿತ್ಸೆ ಪಡೆದವರಲ್ಲೂ ನಾಲ್ಕು ವರ್ಷದ ನಂತರ ಏನಾದರೂ ಜೋಮು ಉಳಿದದ್ದು ಸುಮಾರು 15% ಮಂದಿಗೆ, ಅದರಲ್ಲೂ ಬಹುಪಾಲು ಸೌಮ್ಯವಾದದ್ದು. ಜೋಮಿನ ಜೊತೆ ಉರಿ, ನೋವು ಇದ್ದರೆ ಡ್ಯುಲೋಕ್ಸೆಟಿನ್ ಕೇಳಿ ನೋಡಿ: ಒಂದು ವಾರ 30 ಮಿ.ಗ್ರಾಂ, ನಂತರ 60 ಮಿ.ಗ್ರಾಂ. ಕಿಮೋದಿಂದ ಬಂದ ನರನೋವಿಗೆ ಪರೀಕ್ಷೆಯಲ್ಲಿ ಗೆದ್ದದ್ದು ಅದೊಂದೇ ಎನ್ನಬಹುದು, ನೋವಿಲ್ಲದ ಬರೀ ಜೋಮಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ನರದ ಶಕ್ತಿಗೆಂದು ಅಂಗಡಿಯಲ್ಲಿ ಸಿಗುವ ಮಾತ್ರೆಗಳ ವಿಷಯದಲ್ಲಿ ಎಚ್ಚರ: ಬಿ6 ಹೆಚ್ಚು ಪ್ರಮಾಣದಲ್ಲಿ ತಿಂಗಳುಗಟ್ಟಲೆ ತೆಗೆದುಕೊಂಡರೆ ಅದೇ ನರವನ್ನು ಕೆಡಿಸುತ್ತದೆ, ಅಸಿಟೈಲ್ ಕಾರ್ನಿಟಿನ್ ಇನ್ನೊಂದು ಕಿಮೋ ಪಡೆಯುತ್ತಿದ್ದವರಲ್ಲಿ ಜೋಮನ್ನು ಹೆಚ್ಚಿಸಿತ್ತು. ಜೋಮು ಇರುವಷ್ಟು ದಿನ ತಂದೆಯವರ ಪಾದವನ್ನು ರಾತ್ರಿ ಮಲಗುವ ಮುನ್ನ ಬೆಳಕಿನಲ್ಲಿ ನೋಡಿ, ಗಾಯವಾದರೂ ಅವರಿಗೆ ಗೊತ್ತಾಗುವುದಿಲ್ಲ. ಸ್ನಾನದ ಬಿಸಿನೀರಿನ ಹದವನ್ನು ಅವರ ಬದಲು ನೀವೇ ಕೈಯಿಟ್ಟು ನೋಡಿ ಕೊಡಿ.